ಆಜಿ

ಉಪ್ಪಳದ ಬೀಡಿ ಬ್ರಾಂಚಿನಲ್ಲಿ
ಕಟ್ಟು ಒಪ್ಪಿಸಲು ನಿಂತಿದ್ದೆ.
ಫೋನಿನಲ್ಲಿ ಬ್ಯಾಂಕಿನವನು, ಮಲಯಾಳದಲ್ಲಿ,
ಮಾತಿಗೊಂದು ಚೇಚಿ.
ಖಾತೆ ಸಂಜೆಗೆ ಮುಚ್ಚುತ್ತದಂತೆ,
ಈಗ ಬಂದ ಆರಂಕಿ ಬೇಕಂತೆ.

ನನ್ನ ಲೆಕ್ಕವೆಲ್ಲ ತುಳುವಿನಲ್ಲಿ,
ಬೀಡಿ ಎಣಿಸಿ ಸವೆದ ನಾಲಗೆ.
ಐದಂಕಿ ಹೇಗೋ ಅವನ ಭಾಷೆಗೆ ದಾಟಿಸಿದೆ;
ಕೊನೆಯ ಆರು, ಗಾಬರಿಗೆ,
ಆಜಿ ಎಂದೇ ಜಾರಿತು.
ಅವನಿಗದು ಅಂಜ್,
ಬರೇ ಐದು.

ಬೀಗ ತೆರೆಯಲಿಲ್ಲ.
ಚೇಚಿ ಹೋಯಿತು, ನಾಯಿ ಬಂತು ಬಾಯಲ್ಲಿ.

ಚೆಕ್ಕರ್ ಕುಂಞಂಬು ಪೊಳ್ಳು ಬೀಡಿ
ಮುರಿದೆಸೆಯುವ ಹಾಗೆ
ಕರೆ ಕಡಿದೆ.

ಒಂಬತ್ತು ಸಾವಿರದ ಚಿಲ್ಲರೆ ಅಲ್ಲೇ ಇದೆ,
ಮಗಳ ಹಲ್ಲಿನ ಕ್ಲಿಪ್ಪಿಗೆಂದು ಇಟ್ಟದ್ದು.
ರಾತ್ರಿ ಎಲೆ ಕತ್ತರಿಸುವಾಗ ಮಾತ್ರ
ಕತ್ತರಿ ನಿಂತುಬಿಡುತ್ತದೆ:
ಐದನ್ನು ಸರಿಯಾಗಿಯೇ
ಹೇಳಿದ್ದೆನಲ್ಲ.