ಚಕ್ಕುಬಂದಿ

ಶಿಡ್ಲಘಟ್ಟ, ಗುರುವಾರ

ಮಾನ್ಯರೇ,
ನಿಮ್ಮ ನೋಟಿಸು ತಲುಪಿತು,
ಜೆರಾಕ್ಸ್ ಅಂಗಡಿಯ ಶಟರು ಅರ್ಧ ಎಳೆದು
ಬೆಕ್ಕಿನ ಬಾಲಕ್ಕೆ ನಾನು ಇನ್ನೊಂದು ಚುಕ್ಕಿ ಇಡುತ್ತಿದ್ದಾಗ.

ಆಟಕ್ಕೊಂದು ಹೆಸರಿತ್ತೆಂದು
ತಿಳಿದದ್ದೇ ಅದರಿಂದ, ಮೊದಲ ಸಲ.
ಉಲ್ಲೂರುಪೇಟೆಯ ಸುಭಾನಿ ಅಂಗಡಿಯಲ್ಲಿ
ಕ್ಯಾಸೆಟ್ಟಿನ ಚೀಟಿ ನಾವು ಹೋಗುವ ಮುಂಚೆಯೇ ಹರಿದಿತ್ತು.
ನಾವು ಕರೆದದ್ದು ಲಾಂದ್ರದ ಬೆಕ್ಕು.
ಅರ್ಧ ಗಂಟೆಗೆ ಎರಡು ರೂಪಾಯಿ,
ಕರೆಂಟು ಹೋದರೆ ವಾಪಸಿಲ್ಲ.
ನಿಮ್ಮ ಹೆಸರು ಅಷ್ಟು ಚೆನ್ನಾಗಿಲ್ಲ, ಕ್ಷಮಿಸಿ.

ಕದಿರಪ್ಪ ವಕೀಲರಿಗೆ ಕೊಟ್ಟೆವು.
ಚೆಕ್ ಬೌನ್ಸು, ಪಾಲು ಪಾರೀಕತ್ತು, ಬದುವಿನ ಜಗಳ
ಮೂವತ್ತು ವರ್ಷ ನೋಡಿದ ಕನ್ನಡಕ ಹಣೆಗೇರಿಸಿ
ಸ್ವತ್ತು ಎಲ್ಲಿದೆ, ಅಂದರು. ಚಕ್ಕುಬಂದಿ ಹೇಳಿ.

ಹೇಳಿದೆವು:
ಪೂರ್ವಕ್ಕೆ, ಬೆಕ್ಕು ಎದ್ದು ಮೈಮುರಿಯುವ ಮೊದಲ ಬಾವಿ.
ಪಶ್ಚಿಮಕ್ಕೆ, ಎಷ್ಟು ಹಾರಿದರೂ ದಾಟದ ಕಪ್ಪು ಗೋಡೆ.
ಉತ್ತರಕ್ಕೆ, ತಬರೇಜನೊಬ್ಬನಿಗೇ ಗೊತ್ತಿದ್ದ ಸಂದು;
ಅಲ್ಲಿ ತಲೆ ತೂರಿಸಿದರೆ ಬೆಕ್ಕು ಪರದೆಯಾಚೆ ಬಿದ್ದು
ಮ್ಯಾವು ಮಾತ್ರ ಒಳಗುಳಿಯುತ್ತಿತ್ತು.
ದಕ್ಷಿಣಕ್ಕೆ, ಸುಭಾನಿಯ ಊಟದ ಹೊತ್ತು.
ಈ ಮಧ್ಯೆ ಇರುವುದು.

ವಕೀಲರು ಬರೆದುಕೊಂಡರು. ನಗಲಿಲ್ಲ.
ಕ್ರಯಪತ್ರ?
ಇಲ್ಲ.
ಅನುಭವ?
ಇದೆ, ಮೂವರ ಹೆಬ್ಬೆರಳಲ್ಲಿ.

ನಿಮ್ಮ ಹಕ್ಕಿನ ವಂಶಾವಳಿಯನ್ನೂ ಓದಿದೆವು.
ಮಾಡಿದ ಕಂಪನಿ ಮುಳುಗಿತು. ಕೊಂಡವರು ಬೊಂಬೆ ಮಾರುವವರು,
ಅವರಿಂದ ಒಂದು ಬ್ಯಾಂಕು, ಬ್ಯಾಂಕಿನಿಂದ ನೀವು:
ನೂರಾ ನಲವತ್ತು ಆಟ, ಒಂದೇ ಲಾಟು.
ನಮಗೆ ಗೊತ್ತಿರುವ ವ್ಯಾಪಾರವೇ.
ನಮ್ಮೂರ ಗೂಡಿನ ಮಾರುಕಟ್ಟೆಯಲ್ಲಿ
ಬೆಲೆ ಕೂಗುವ ಮುಂಚೆ ರೀಲರು ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ,
ಒಳಗೆ ಹುಳ ಗಟ್ಟಿಯಿದೆಯೋ ಕರಗಿದೆಯೋ ಎಂದು.
ನೀವು ಅಲ್ಲಾಡಿಸಿದಿರಾ?

ಕದ್ದದ್ದಲ್ಲ. ಕದಿಯಲು ಕ್ಯಾಸೆಟ್ಟೇ ಇರಲಿಲ್ಲ.
ಸುಭಾನಿ ತೀರಿಕೊಂಡ ವರ್ಷ ಅವನ ಹೆಂಡತಿ
ಎಲ್ಲವನ್ನೂ ಗುಜರಿಗೆ ಹಾಕಿದಳು, ತೂಕಕ್ಕೆ.
ನೆನಪಿನಿಂದ ಗೀಚಿದೆವು ಚೌಕುಳಿ ಹಾಳೆಯ ಮೇಲೆ, ನಾಲ್ಕು ವರ್ಷ.
ಬೆಕ್ಕು ಹಸಿರು ಅನ್ನುತ್ತಾನೆ ತಬರೇಜ್, ನಾನು ನೀಲಿ.
ಸುಭಾನಿಯ ಟೀವಿಯಲ್ಲಿ ಕೆಂಪು ಹೋಗಿತ್ತು,
ನಿಜ ಬಣ್ಣ ಯಾರಿಗೂ ಗೊತ್ತಿಲ್ಲ.
ರತ್ನಮಾಲ ಫಿಲೇಚರಿನ ಬಾಂಡಲಿ ಪಕ್ಕ ಫೋನಿಟ್ಟು
ಗೂಡು ಕುದಿಯುವ ಸದ್ದು ಹಿಡಿದಳು.
ಅದೇ ನಮ್ಮ ಬಾವಿಯ ನೀರು.
ಗಮನವಿಟ್ಟರೆ ಅದರೊಳಗೆ ಅವಳ ಅತ್ತೆ ಕೆಮ್ಮುತ್ತಾಳೆ.
ಕಲಂ ಮೂರರ ಪ್ರಕಾರ
ಆ ಕೆಮ್ಮೂ ನಿಮ್ಮದೇ.

ಇರಲಿ. ತೆಗೆಯುತ್ತೇವೆ.
ವಕೀಲರೂ ಅದನ್ನೇ ಹೇಳಿದರು. ಫೀಸು ಬೇಡವೆಂದು
ಆಟ ಒಂದು ಸಲ ಕೇಳಿದರು,
ಎರಡನೇ ಬಾವಿಯಲ್ಲಿ ಆರು ಸಲ ಸತ್ತು
ಮೊಕದ್ದಮೆ ಇದಕ್ಕಿಂತ ಸಲೀಸು ಅಂದರು.

ಒಂದು ವಿಷಯ ಮಾತ್ರ ಉಳಿಯಿತು.
ಕಲಂ ಐದರಲ್ಲಿ ಬರೆದಿದ್ದೀರಿ:
ಏಳನೇ ಹಂತದ ಯಥಾವತ್ ನಕಲು.
ನಮ್ಮ ಕ್ಯಾಸೆಟ್ಟು ಆರನೇ ಬಾವಿಯಲ್ಲಿ ನಿಲ್ಲುತ್ತಿತ್ತು.
ಊದಿದೆವು, ಒರೆಸಿದೆವು,
ಸುಭಾನಿ ಒಂದು ಗುದ್ದುತ್ತಿದ್ದ, ಕ್ಯಾಸೆಟ್ಟಿಗೋ ನಮಗೋ.
ಅದರಾಚೆ ಈ ಊರಲ್ಲಿ ಯಾರೂ ಹೋದವರಿಲ್ಲ.
ಏಳನೆಯದು ನಾವೇ ಕಟ್ಟಿದ್ದು.
ಬಾವಿ ಬತ್ತಿರುತ್ತದೆ. ತಳದಲ್ಲಿ
ಈ ಅಂಗಡಿಯಷ್ಟೇ ಒಂದು ಕೋಣೆ.
ಬೆಕ್ಕು ಲಾಂದ್ರ ಕೆಳಗಿಟ್ಟು ಮಲಗುತ್ತದೆ.
ಅಂಕಗಳಿಲ್ಲ.

ಯಥಾವತ್ ಅಂದಿರಿ.
ಹಾಗಾದರೆ ನಿಮ್ಮ ಮೂಲದಲ್ಲೂ ಮಲಗುತ್ತದೆಯೇ?
ಇಲ್ಲ, ನೀವೂ ಆರನ್ನು ದಾಟಿಲ್ಲವೇ?
ಹದಿನೈದು ದಿನದ ಗಡುವು ಕೊಟ್ಟಿದ್ದೀರಿ.
ಅಷ್ಟರೊಳಗೆ ಬರೆಯಿರಿ, ಒಂದೇ ಸಾಲು ಸಾಕು,
ವಕೀಲರ ಭಾಷೆ ಬೇಡ.
ರಾತ್ರಿ ಎಂಟರ ಮೇಲೆ ಗಿರಾಕಿಗಳಿರುವುದಿಲ್ಲ,
ನಾವು ಮೂವರೂ ಇಲ್ಲೇ ಇರುತ್ತೇವೆ.