ಎರಡನೇ ಪಾಳಿಯ ಭೋಂಗಾ

ಫೋನನ್ನು ಬೆಲ್ಲದ ಡಬ್ಬಿಗೆ ಒರಗಿಸಿಟ್ಟು
ಕೆಂಪು ಗುಂಡಿ ಒತ್ತಿದೆ.
'ಇದು ಏನ್ ನೋಡತೈತಿ?' ಅಂದಳು ಹುಲಿಗೆಮ್ಮಜ್ಜಿ.
ನೋಡಲ್ಲ ಅಜ್ಜಿ, ಬರೀ ಕೇಳತೈತಿ.
'ಹಂಗಾದ್ರ ಸೆರಗು ಸರಿ ಮಾಡ್ಕೊಳ್ಳದು ಬ್ಯಾಡ'
ಎನ್ನುತ್ತಲೇ ಸರಿ ಮಾಡಿಕೊಂಡಳು.

ಹಟ್ಟಿ ಕ್ಯಾಂಪಿನ ತಗಡಿನ ಮನೆ,
ಆರು ಮನೆಗೊಂದು ನಳ,
ನಮ್ಮ ಪುಂಡಿಪಲ್ಲ್ಯಕ್ಕೆ ಗೋಂಗೂರ ಅಂತಿದ್ದ
ಪಕ್ಕದ ಮನೆಯ ಪಾಪಮ್ಮನ ಜೊತೆ ಮೂರು ವರ್ಷದ ಜಗಳ,
ಆಮೇಲೆ ಅದೇ ಪಾಪಮ್ಮ ಮಾಡಿಸಿದ ಬಾಣಂತನ.
ಪಾಳಿ ಮುಗಿದರೆ ಗೇಟಿನಲ್ಲಿ ಗಂಡಸರ ಬೂಟು ಬಿಚ್ಚಿಸಿ
ಬಾಯಿ ತೆರೆಸಿ ನೋಡಿ ಬಿಡುತ್ತಿದ್ದರಂತೆ.
'ಮನಿಗೆ ಬಂದ್ಮ್ಯಾಲ ನಾನೂ ನೋಡ್ತಿದ್ದೆ.
ಬರೀ ಧೂಳ.
ಹೆಂಟಿ ಹೆಂಟಿ ಬಂಗಾರ ತಗದಾವ್ರು
ನನ್ನ ಮೂಗಿಗೆ ಒಂದು ಗುಂಜಿ ತರಲಿಲ್ಲ.'
ನಗು. ನಗುವಿನ ಬಾಲಕ್ಕೆ ಕೆಮ್ಮು.
ನಡುವೆ ಕುಕ್ಕರ್ ಎರಡು ಸಲ ಕೂಗಿದ್ದೂ ಇದೆ.

'ಅವರು' ಅಂದರೆ ಯಾರು? ಹೆಸರು ಹೇಳಜ್ಜಿ,
ನಾಳೆ ನನ್ನ ಮಗಳ ಮಕ್ಕಳು ಕೇಳುತ್ತಾರೆ,
ಅವರಿಗೆ ತಿಳಿಯೋದು ಹೆಂಗ?
ಹೀಗೆ ಕೇಳಿದ ನಾನು
'ಏ ಮೌನೇಶಾ' ಎಂದು ಓಣಿಗೆಲ್ಲ ಕೇಳುವಂತೆ
ಗಂಡನನ್ನು ಕೂಗುವವಳು.

ಹದಿನಾಲ್ಕು ಸೆಕೆಂಡು ಏನೂ ಇಲ್ಲ.
ಆಮೇಲೆ: 'ಒಡಪಿಲ್ಲದ ಹೆಂಗ ಹೇಳ್ಲಿ.
ಹತ್ತೊಂಬತ್ತು ವರ್ಷಾತು, ಯಾರೂ ಕೇಳಿಲ್ಲ.
ಕುಂಕುಮ ಅಳಿಸಿದಾಕಿನ್ನ ಹೊಸ್ತಿಲದಾಗ ನಿಂದ್ರಿಸಿ
ಹೆಸರು ಕೇಳ್ತಾರೇನು?'

ನಾನು ಕೇಳಕತ್ತೀನಲ್ಲ, ಎಂದೆ.
ಗೋಡೆ ಹಿಡಿದು ಎದ್ದಳು. ಕೂತು ಹೇಳುವುದಲ್ಲವಂತೆ.

'ಏಣಿ ಇಳಿದರ ಕತ್ತಲ, ಏರಿದರ ಬೆಳಕ,
ಬುತ್ಯಾಗಿನ ರೊಟ್ಟಿಗೆ ಪುಂಡಿಪಲ್ಲ್ಯದ ಮುಸುಕ,
ನೆಲದ ಹೊಟ್ಯಾಗ ದುಡದು ಬರ್ತಾರ ಬೆಳತನಕ,
ನಮ್ಮ ಮನಿಯವರು—'

ಬರ್ತಾರ, ಅಂದಳು. ಬರ್ತಿದ್ರು ಅಲ್ಲ.
ಉಸಿರು ತುಂಬಿಕೊಂಡಳು.
ಅದೇ ಹೊತ್ತಿಗೆ ಗಣಿಯ ಭೋಂಗಾ, ಎರಡನೇ ಪಾಳಿಯದು,
ಊರಿಗಿಂತ ಎತ್ತರಕ್ಕೆ ಎದ್ದು ನಿಂತಿತು.

ಇನ್ನೊಮ್ಮೆ ಅಜ್ಜಿ, ಎನ್ನುವಷ್ಟರಲ್ಲಿ
ಬಾಯಿಗೆ ಎಲಿ ಅಡಕಿ ಹಾಕಿಕೊಂಡಾಗಿತ್ತು.
'ಒಂದ್ಸಲ ಹೇಳೀನಿ, ಸಾಕು.'

ಹೆಸರೇನು, ಪಿಂಚಣಿ ಪುಸ್ತಕದಲ್ಲಿದೆ,
ಎರಡು ಪುಟದಲ್ಲಿ ಎರಡು ಥರ ಕಾಗುಣಿತ.
ನನಗೆ ಬೇಕಾದದ್ದು ಅದಲ್ಲ.
ರಾತ್ರಿ ಲಿಂಗಸುಗೂರಿಗೆ ಬಂದು, ಮಗಳು ಮಲಗಿದ ಮೇಲೆ
ಕಿವಿಗೆ ಸಿಕ್ಕಿಸಿಕೊಂಡು, ವೇಗ ಅರ್ಧಕ್ಕಿಳಿಸಿ ಕೇಳಿದೆ.
ಭೋಂಗಾ ಏಳುವ ತುಸು ಮೊದಲು
ಎರಡು ತುಟಿ ಕೂಡಿದ ಸಪ್ಪಳವಿದೆ.
ತೆರೆದದ್ದು ಇಲ್ಲ.
ಹಿಂದಕ್ಕೆಳೆದು ಮತ್ತೆ ಕೇಳಿದೆ. ಮತ್ತೆ.

'ಎಷ್ಟೊತ್ತಾತು, ಏನ್ ಕೇಳಕತ್ತೀ?'
ಮಗ್ಗಲು ಬದಲಿಸುತ್ತ ಅಂದ ಮೌನೇಶ.
ಮುತ್ಯಾನ ಹೆಸರು, ಎಂದೆ.