ನೂಲಿಲ್ಲದ ಹೊಲಿಗೆ

ಮೂರು ದಿನ.
ನಾಲ್ಕನೆಯ ದಿನ ಅವಳು ಗ್ಯಾರೇಜಿನ ತಗಡಿನ ಮೇಲೆ ಹತ್ತಿ ಕೂತು
ಸೂರ್ಯಕಾಂತಿ ಬೀಜ ಹಲ್ಲಲ್ಲಿ ಸೀಳಿ
ಸಿಪ್ಪೆಯನ್ನು ಕೆಳಗೆ ಹೋಗುವವರ ಟೋಪಿಗೆ ಗುರಿಯಿಟ್ಟು ಉಗುಳುತ್ತಾಳೆ.
ಅದಕ್ಕೇ ಯಾರೂ ನಂಬುವುದಿಲ್ಲ.

ಟೀಚರ್ ಅರುಸ್ಯಾಕ್ ನನ್ನನ್ನು ಅಂಗಡಿಯಲ್ಲಿ ತಡೆದು ಕೇಳಿದರು:
ಮೊನ್ನೆ ಏಳಲಾರದೆ ಬಿದ್ದಿದ್ದವಳು ಇವಳೇನಾ?
ಮುಂದಿನ ಸಲ ಕಾರಣ ಬರೆದು ಕಳಿಸಿ.
ಕೈಯಲ್ಲಿದ್ದ ಬೀಟ್‌ರೂಟನ್ನು ತೂಗಿ ನೋಡುತ್ತಿದ್ದರು,
ನನ್ನ ಮಾತನ್ನೂ ಹಾಗೇ.

ಐದನೆಯ ವಯಸ್ಸಿಗೆ ಅಪೆಂಡಿಕ್ಸ್ ಎಂದು ಕೊಯ್ದರು.
ತೆಗೆದದ್ದನ್ನು ತಟ್ಟೆಯಲ್ಲಿ ಹೊರಳಿಸಿ ನೋಡಿದ ಸರ್ಜನ್
ಇದಕ್ಕೇನೂ ಆಗಿಲ್ಲವಲ್ಲ ಎಂದ.
ಅವನು ಹಾಕಿದ ಹೊಲಿಗೆ ಇನ್ನೂ ಇದೆ ಅವಳ ಹೊಟ್ಟೆಯ ಮೇಲೆ.
ನನ್ನ ಬಳಿ ಕಲಿಯಲು ಬರುವ ಹುಡುಗಿಯರು ಅಂಥದ್ದು ಹಾಕಿದ್ದರೆ
ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ.

ಆಮೇಲೆ ಯೆರೆವಾನಿನ ಮುದಿ ಡಾಕ್ಟರು ಹೆಸರು ಹೇಳಿದರು.
ಈ ಬೆಟ್ಟಗಳಲ್ಲಿ ಹಳೆಯದಂತೆ, ನಮ್ಮ ರಕ್ತದ್ದಂತೆ,
ನನ್ನದೊಂದು ಪಾಲು, ವರಜ್ದಾತನದೊಂದು ಪಾಲು.
ನಮ್ಮಿಬ್ಬರಿಗೂ ಒಂದು ದಿನವೂ ನೋಯದ್ದು
ಕೂಡಿಕೊಂಡು ನಜೇಲಿಗೆ ನೋವಾಯಿತು.
ನೇರಳೆ ಹೂವಿನ ಗಡ್ಡೆಯಿಂದ ಮಾಡಿದ ಮಾತ್ರೆ, ದಿನಕ್ಕೆ ಎರಡು.
ಬರುವುದು ಕಡಿಮೆಯಾಯಿತು. ನಿಂತಿತೆಂದು ಹೇಳಲಾರೆ.

ಬಂದಾಗ ಅವನು ಬಸ್ಸಿನಿಂದಿಳಿದು
ಮೆಟ್ಟಿಲ ಬುಡದಲ್ಲೇ ಬೂಟು ಬಿಚ್ಚುತ್ತಾನೆ.
ಹಲಗೆ ನಡುಗಿದರೂ ಅವಳಿಗೆ ತಗಲುತ್ತದೆ.
ನಾಲ್ಕು ಮಹಡಿ ಕಾಲುಚೀಲದಲ್ಲಿ ಹತ್ತುತ್ತಾನೆ,
ಗ್ಯುಮ್ರಿಯ ಜನವರಿಯಲ್ಲಿ.

ಒಂದು ಸಲ, ಹೇಳಿಬಿಡುತ್ತೇನೆ, ನಾನೂ ನಂಬಲಿಲ್ಲ.
ಭಾನುವಾರಕ್ಕೆ ಹನ್ನೊಂದು ವೇಸ್ಟ್‌ಕೋಟು ಕೊಡಬೇಕಿತ್ತು,
ಗುಂಡಿ ಹಚ್ಚುವುದು ಬಾಕಿ.
ಏಳು, ಸಾಕು ನಿನ್ನ ನಾಟಕ ಎಂದೆ.
ಎದ್ದಳು. ಗೋಡೆ ಹಿಡಿದು ಬಾಗಿಲವರೆಗೆ ಹೋದಳು.
ಬೂಟು ಹಾಕಿಕೊಳ್ಳಲು ಬಗ್ಗಿದಳು.
ಬಗ್ಗಿದವಳು ಹಾಗೇ ಉಳಿದಳು.
ಅಳಲೂ ಇಲ್ಲ. ನನ್ನತ್ತ ನೋಡಲೂ ಇಲ್ಲ.
ಲೇಸನ್ನು ಎರಡು ಬೆರಳಲ್ಲಿ ಹಿಡಿದೇ ಇದ್ದಳು,
ನನಗೆ ತೋರಿಸಲೆಂದಲ್ಲ, ಬಿಡುವುದಕ್ಕೂ ಆಗದೆ.

ಈ ಸಲ ಎರಡನೆಯ ರಾತ್ರಿ.
ಮುಟ್ಟಬೇಡ ಅಂದಳು.
ಹೊದಿಕೆ ಬೇಡ, ಅದರ ಭಾರ ಬೇಡ.
ಅಜ್ಜಿ ಹೆಘ್ನಾರಳ ಪ್ರಾರ್ಥನೆಯ ಗುಸುಗುಸು ಬೇಡ.
ಕತೆ ಹೇಳಲೇ? ಬೇಡ.
ಮತ್ತೇನು ಬೇಕು ನನ್ನ ಚಿನ್ನ,
ಹೇಳು, ಕೈ ಸುಮ್ಮನಿರಲೊಲ್ಲದು.
ಹೊಲಿ, ಅಂದಳು.
ಈ ಹೊತ್ತಲ್ಲಿ ಏನು ಹೊಲೀಲಿ?
ಏನಾದ್ರೂ. ಆ ಸದ್ದು ನಡೀತಾ ಇದ್ರೆ
ನಾನು ಅದರ ಹಿಂದೆ ಹೋಗ್ತಿರ್ತೀನಿ.

ಹಳೆಯ ಹಾಸಿಗೆ ಬಟ್ಟೆಯ ತುಂಡೊಂದು ಸಿಕ್ಕಿತು.
ಕಾಲಡಿಯ ಪೆಡಲು, ಟಕಟಕ ಟಕಟಕ.
ಅರ್ಧ ಗಂಟೆಗೆ ನೂಲು ಮುಗಿಯಿತು.
ಬಾಬಿನ್ ಬದಲಿಸಲು ನಿಲ್ಲಿಸಿದರೆ
ಅವಳ ಕಣ್ಣು ಫಕ್ಕನೆ ತೆರೆಯುತ್ತದೆ,
ನಡುದಾರಿಯಲ್ಲಿ ದೀಪ ಆರಿದವರ ಕಣ್ಣು.
ನಿಲ್ಲಿಸಲಿಲ್ಲ.
ಬರೀ ಸೂಜಿ ಹೋಯಿತು, ಬಂತು,
ಏನನ್ನೂ ಯಾವುದಕ್ಕೂ ಸೇರಿಸದೆ
ಬೆಳಗಿನವರೆಗೂ.
ಕಿಟಕಿಯಾಚೆ ಕಪ್ಪು ಕಲ್ಲಿನ ಮನೆಗಳ ಮೇಲೆ ಹಿಮ ಬೀಳುತ್ತಿತ್ತು,
ನೋಡಿದೆನೋ ಅಂದುಕೊಂಡೆನೋ.

ನಾಲ್ಕನೆಯ ದಿನ
ಜ್ವರ ಬಿಟ್ಟ ಕೂದಲು ಹಣೆಗಂಟಿಸಿಕೊಂಡು
ಲವಾಶಿನಲ್ಲಿ ಚೀಸು ಸುತ್ತಿಕೊಂಡು ತಿನ್ನುತ್ತ ಬಂದಳು.
ನಾನು ಟೀಚರಿಗೆ ಕಾಗದ ಬರೆಯುತ್ತಿದ್ದೆ,
ಮಾನ್ಯರೇ ಎಂದು ಬರೆದು ಮುಂದಕ್ಕೆ ಹೋಗದೆ.
ಅವಳು ಮೆಷಿನ್ನಿನ ಮೇಲಿನ ಬಟ್ಟೆ ಎತ್ತಿ
ಬೆಳಕಿಗೆ ಹಿಡಿದಳು. ತೂತಿನ ಸಾಲು, ಸಾಲಿನ ಮೇಲೆ ಸಾಲು.
ಬೆಣ್ಣೆಗೈಯ ಬೆರಳಿಟ್ಟು ಓದುತ್ತ ಹೋದಳು:
ಇಲ್ಲಿ ನಾನು ವಾಂತಿ ಮಾಡಿದ್ದು, ನೋಡು, ನೀನು ಓಡಿ ಬಂದಿದ್ದೀಯ.
ಇಲ್ಲಿ ಅಪ್ಪ ನೀರು ತಂದ.
ಇಲ್ಲಿ, ಸೊಟ್ಟಗೆ ಹೋಗಿದೆಯಲ್ಲ,
ಇಲ್ಲಿ ನಿನಗೆ ನಿದ್ದೆ ಬಂದಿತ್ತು.
ಆದ್ರೂ ಕಾಲು ನಿಲ್ಲಿಸಿಲ್ಲ.

ಬಟ್ಟೆಯನ್ನು ನನ್ನ ತೊಡೆಗೆ ಎಸೆದು
ಟೋಪಿಯಿಲ್ಲದೆ ಹೊರಗೋಡಿದಳು.
ತಗಡಿನ ಮೇಲೆ ಧಡಬಡ ಸದ್ದಾಯಿತು.